ಬೋರೇಗೌಡರ ಬಾಗಿಲಲ್ಲಿ ಶನಿವಾರದ ಪಡಿ

ತೊಂಬತ್ತನಾಲ್ಕನೇ ಇಸವಿಯ ಶ್ರಾವಣ. ಕೊನೆಯ ಶುಕ್ರವಾರ ಬೆಳಿಗ್ಗೆ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನಾವು ಮೂವರು ನಿಂತಿದ್ದೆವು: ನಾನು, ನನ್ನ ತಂಗಿ ಜಯಮ್ಮ, ಅವಳ ಮಗಳು ಶಶಿಕಲಾ. ಜಯಮ್ಮ ಬಸ್ ಹತ್ತಿಸಲು ಬಂದವಳು. ಹೊರಟವರು ನಾನು, ಶಶಿ. ಆಗ ಅವಳು ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದಳು. ನಮ್ಮ ನೆಂಟರಿಷ್ಟರ ಮನೆಗಳಲ್ಲಿ ಅಷ್ಟು ಓದಿದ ಹುಡುಗಿ ಅವಳೇ ಮೊದಲು. ಇದನ್ನು ನಾನು ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಅವಳ ಪ್ರಬಂಧದ ವಿಷಯವೇ ನಮ್ಮನ್ನು ಹೊರಡಿಸಿತ್ತು. ಸ್ಕೂಲು, ಟ್ರಾಕ್ಟರು, ಟಿ.ವಿ. ಬಂದ ಕಡೆ ದೇವರು-ದಿಂಡರು ಕಮ್ಮಿಯಾಗುತ್ತಾ ಹೋಗುತ್ತವೆ ಎನ್ನುತ್ತಿದ್ದರಂತೆ ಅವಳ ಒಬ್ಬ ಮೇಷ್ಟ್ರು. ಕಮ್ಮಿಯಾಗುವುದಿಲ್ಲ, ವೇಷ ಬದಲಿಸುತ್ತವೆ ಅಷ್ಟೇ ಎನ್ನುತ್ತಿದ್ದರು ಇನ್ನೊಬ್ಬರು. ಶಶಿ ಮೊದಲನೆಯವರ ಪಕ್ಷ. ಅವಳ ಸಾಕ್ಷಿ ಅವಳಪ್ಪನ ಊರಿನ ಮನೆಯೇ ಆಗಿತ್ತು.

ನಾಗಮಂಗಲ ತಾಲ್ಲೂಕು, ಹೊಣಕೆರೆ ಆಚೆಯ ಆ ಹಳ್ಳಿಯ ಮನೆಯಲ್ಲಿ ಒಂದು ಪದ್ಧತಿ. ಶ್ರಾವಣ ಶನಿವಾರ ಗಂಡಸರು ಸ್ನಾನ ಮಾಡಿ, ಹಣೆಗೆ ನಾಮ ಇಟ್ಟು, ಹಿತ್ತಾಳೆ ಚೊಂಬು ಹಿಡಿದು ಮನೆ ಮನೆಗೆ ಹೋಗಿ ಅಕ್ಕಿ ಬೇಡಬೇಕು. ಅದೇ ಪಡಿ. ಎಷ್ಟೇ ಎಕರೆ ಗದ್ದೆಯಿರಲಿ, ಆ ದಿನ ದೇವರ ಎಡೆಗೆ ಬೇಡಿದ ಅಕ್ಕಿಯದೇ ಅನ್ನ. ಬೀದಿಗೆ ಕಾಲಿಟ್ಟ ಮೇಲೆ ಒಂದು ಬಾಗಿಲನ್ನೂ ಬಿಡುವಂತಿಲ್ಲ.

"ಈ ಸಲ ಒಂದು ಶನಿವಾರನೂ ಪಡಿ ಆಗಿಲ್ಲ ಕಣಣ್ಣ," ಎಂದಳು ಜಯಮ್ಮ. "ನಮ್ಮ ಮಾವನಿಗೆ ಮಂಡಿ ಏಳಕ್ಕಿಲ್ಲ. ನಮ್ಮೆಜಮಾನ್ರು ಆಫೀಸು ಬುಡಕ್ಕಿಲ್ಲ. ಮೈದುನ ಓಗಕ್ಕಿಲ್ಲ ಅಂತಾವ್ನಂತೆ. ನಾಳೇನೂ ತಪ್ಪಿದ್ರೆ ಆ ಮುದುಕ ಅನ್ನ ಮುಟ್ಟಕ್ಕಿಲ್ಲ."

ನಾಗಮಂಗಲಕ್ಕೆ ಹತ್ತಿರದ ದಾರಿಯಿತ್ತು. ಆದರೆ ಶಶಿ ನಾಲ್ಕು ಊರು ನೋಡಬೇಕು ಎಂದದ್ದರಿಂದ ಸುತ್ತು ಹಾಕಿದೆವು. ಪಾಂಡವಪುರದವರೆಗೆ ಎರಡೂ ಕಡೆ ಕಬ್ಬು, ನಾಟಿ ಹಾಕುವ ಹೆಂಗಸರು, ನಾಲೆಯ ತುಂಬಾ ಕೆಂಪು ನೀರು. ಪಕ್ಕದ ಸೀಟಿನಲ್ಲಿ ಸಕ್ಕರೆ ಫ್ಯಾಕ್ಟರಿಯ ಫಿಟ್ಟರ್ ಒಬ್ಬರು. ಈಗಿನವರಿಗೆ ಭಕ್ತಿ ಕಮ್ಮಿಯಾಗಿದೆಯೇ ಎಂದು ಶಶಿ ಅವರನ್ನು ಕೇಳಿದಳು.

"ನಮ್ಮಪ್ಪ ಮೇಲುಕೋಟೆಗೆ ನಡ್ಕೊಂಡು ಓಯ್ತಿದ್ದ. ನಾವು ಮೆಟಡೋರ್ ಮಾಡ್ಕೊಂಡು ಓಯ್ತೀವಿ. ದೇವ್ರು ಅಲ್ಲೇ ಅವ್ನೆ ಕಣವ್ವ, ನಮ್ಮ ಕಾಲು ಸೋಮಾರಿ ಆದೊ."

ಇಡೀ ಬಸ್ಸು ನಕ್ಕಿತು.

ಕೆ.ಆರ್. ಪೇಟೆಯಲ್ಲಿ ಇಳಿದಾಗ ಮಧ್ಯಾಹ್ನ, ಜಿಟಿಜಿಟಿ ಮಳೆ. ಹತ್ತಿರ ಸಿಕ್ಕಿದ್ದು ಮಾಂಸದೂಟದ ಒಂದು ಮಿಲಿಟ್ರಿ ಹೋಟೆಲು. ಬೆಂಚುಗಳೆಲ್ಲ ಖಾಲಿ.

"ಬಾಡು ಇಲ್ಲ ಸ್ವಾಮಿ. ಮುದ್ದೆ, ಉಪ್ಸಾರು ಐತೆ," ಎಂದ ಮಾಲೀಕ.

"ನೀವು ದೇವಸ್ಥಾನಕ್ಕೆ ಹೋಗ್ತೀರಾ?" ಎಂದಳು ಶಶಿ.

"ನಾನಾ? ಗುಡಿ ಮಕ ನೋಡಿ ಯಾವ ಕಾಲ ಆಯ್ತೋ! ಆದ್ರೆ ಶ್ರಾವಣದಾಗೆ ಬಾಡು ಬೇಯ್ಸಿದ್ರೆ ನನ್ನೆಂಡ್ರು ಮನೆಗೆ ಸೇರ್ಸಕ್ಕಿಲ್ಲ. ನಂಗೂ ಸೇರಕ್ಕಿಲ್ಲ ಅನ್ನಿ."

ಉಪ್ಸಾರು ಖಾರವಾಗಿ, ಮಳೆಗೆ ತಕ್ಕ ಹಾಗಿತ್ತು. "ಮಾವ, ಇವರನ್ನ ಯಾವ ಮೇಷ್ಟ್ರ ಕಡೆಗೆ ಸೇರಿಸ್ಲಿ?" ಎಂದಳು ಶಶಿ, ಕೈ ತೊಳೆಯುತ್ತಾ.

ನಾಗಮಂಗಲದ ದಾರಿಯಲ್ಲಿ ಗದ್ದೆ ಹೋಗಿ ರಾಗಿ ಹೊಲ, ತೆಂಗು ಬಂದವು. ಅಲ್ಲಿ ಇನ್ನೊಂದು ಬಸ್ಸು ಹಿಡಿದು ಹಳ್ಳಿ ಸೇರುವಾಗ ಹಾಲಿನ ಡೈರಿಯ ಮುಂದೆ ಸಂಜೆಯ ಸಾಲು ನಿಂತಿತ್ತು. ಮನೆ ತುಂಬಾ ಜನ, ದನ, ಗಲಾಟೆ. ಜಯಮ್ಮನ ಮಾವ, ಶಶಿಯ ತಾತ, ಜಗಲಿಯ ಕಂಬಕ್ಕೆ ಒರಗಿ ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು.

ಶಶಿಯ ಚಿಕ್ಕಪ್ಪ ನಂಜೇಗೌಡ ನನ್ನ ಕೈಗೆ ಕಾಫಿ ಕೊಟ್ಟು, "ಕಾಲ ಬದಲಾಯ್ತು ಬಾವ. ಟ್ರಾಕ್ಟರು ಮಡಿಕ್ಕಂಡೋನು ಚೊಂಬು ಇಡ್ಕಂಡು ನಿಂತ್ರೆ ಜನ ನಗಕ್ಕಿಲ್ವಾ?" ಎಂದ.

ಶಶಿ ನನ್ನತ್ತ ನೋಡಿದಳು. ಅವಳ ಪ್ರಬಂಧದ ಮಾತು ಚಿಕ್ಕಪ್ಪನ ಬಾಯಲ್ಲೇ ಬಂದಿತ್ತು.

"ಸುಳ್ಳು ಬೊಗುಳ್ತಾನೆ ಕಣವ್ವ," ಎಂದರು ತಾತ ಕಂಬದ ಕಡೆಯಿಂದ. "ಓದ ವರ್ಸವೂ ಟ್ರಾಕ್ಟರು ಇತ್ತು, ಪಡಿಗೂ ಓದ. ಪಂಚಾಯ್ತಿ ಎಲೆಕ್ಷನ್ನಲ್ಲಿ ಆ ಬೋರನ ಮುಂದೆ ಸೋತ. ಈಗ ಅವನ ಬಾಗ್ಲಾಗೆ ಕೈ ಒಡ್ಡಕ್ಕೆ ಇವನಿಗೆ ಸಾವು. ದೇವ್ರ ಮ್ಯಾಲೆ ಯಾಕ್ಲಾ ಆಕ್ತೀಯ?"

ಬೋರೇಗೌಡರ ಮನೆ ಅದೇ ಬೀದಿಯ ತುದಿ. ಬಿಟ್ಟು ಬರುವ ಹಾಗಿಲ್ಲ. ನಂಜೇಗೌಡ ಹಾಲಿನ ಕ್ಯಾನು ಎತ್ತಿಕೊಂಡು ಡೈರಿ ಕಡೆ ಹೊರಟ.

"ತಾತ, ನಾನು ಹೋಗ್ಲಾ?" ಎಂದಳು ಶಶಿ.

ಅವಳ ಚಿಕ್ಕಮ್ಮ ಒಳಗಿಂದಲೇ, "ಎಣ್ಮಕ್ಳು ಪಡಿಗೆ ಓದದ್ದು ನಮ್ಮಲ್ಲಿಲ್ಲ ಕಣವ್ವ," ಎಂದರು. ಎಲ್ಲರೂ ತಾತನ ಮುಖ ನೋಡಿದೆವು. ತಾತ ಸೊಸೆಯ ಕಡೆ ತಿರುಗಿ, "ಉಣಿಸೆಹಣ್ಣು ಆಕಿ ಚೊಂಬು ಉಜ್ಜವ್ವ," ಎಂದರು.

ಬೆಳಿಗ್ಗೆ ಮಳೆ ಬಿಟ್ಟಿತ್ತು. ನಾಗಮಂಗಲದಲ್ಲಿ ಮಾಡಿಸಿದ ಆ ಹಳೇ ಚೊಂಬಿಗೆ ತಾತನೇ ನಾಮ ಬರೆದು, ಅದರ ಕೊರಳಿಗೆ ತುಳಸಿ ಕಟ್ಟಿದರು. ಶಶಿ ಬರಿಗಾಲಲ್ಲಿ ಮುಂದೆ, ಜೋಳಿಗೆ ಹಿಡಿದು ನಾನು ಹಿಂದೆ. ಮೊದಲ ಬಾಗಿಲಲ್ಲಿ ಅವಳ "ವೆಂಕಟರಮಣ ಗೋವಿಂದ" ನನಗೇ ಕೇಳಿಸಲಿಲ್ಲ. ನಾಲ್ಕು ಮನೆ ದಾಟುವಷ್ಟರಲ್ಲಿ ಬೀದಿಯೇ ತಿರುಗಿ ನೋಡುವಂತೆ ಕೂಗುತ್ತಿದ್ದಳು. ಹೆಂಗಸರು ಬೆರಗಾದರು, ನಕ್ಕರು, ಅಕ್ಕಿ ಸುರಿದರು.

ಬೀದಿಯ ತುದಿಯಲ್ಲಿ ಬೋರೇಗೌಡರು ಜಗಲಿಯ ಮೇಲೆ ಕೂತು ಗಡ್ಡ ಕೆರೆಸಿಕೊಳ್ಳುತ್ತಿದ್ದರು. ಅರ್ಧ ಮುಖದಲ್ಲಿ ಸೋಪಿನ ನೊರೆ. ಅವರು ಖಾಲಿ ಕೈಯಲ್ಲಿ ಕಳಿಸಿದರೆ ತಾತನಿಗೆ ಏನು ಹೇಳುವುದು?

"ಏನವ್ವ, ನಂಜನ ಮನೆಯೋರು," ಎಂದರು ಗೌಡರು. "ವೋಟು ಕೇಳಕ್ಕೆ ಬಂದ್ಯೋ, ಅಕ್ಕಿ ಕೇಳಕ್ಕೆ ಬಂದ್ಯೋ?"

"ಅಕ್ಕಿ ದೊಡ್ಡಪ್ಪ. ವೋಟು ಆಗ್ಲೇ ನಿಮ್ಮನೆಗೆ ಬಂದ್ಬುಟ್ವಲ್ಲ!"

ಅವರ ನಗುವಿಗೆ ಕ್ಷೌರದವನು ಕತ್ತಿ ಹಿಂದಕ್ಕೆ ಎಳೆದುಕೊಂಡ. ಗೌಡರು ನೊರೆ ಮುಖದಲ್ಲೇ ಎದ್ದು ಒಳಗೆ ಹೋಗಿ ಮೊರ ತುಂಬಾ ಅಕ್ಕಿ ತಂದರು. ಸುರಿಯುವ ಮೊದಲು ಚೊಂಬಿಗೆ ಕೈಮುಗಿದರು. ಬಾಗಿಲ ಸಂದಿಯಿಂದ ಅವರ ಮಗಳೊಬ್ಬಳು ಶಶಿಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಎಡೆಯಾದ ಮೇಲೆ ತಾತ ಉಂಡರು. ಎರಡನೇ ಸಲ ಅನ್ನ ಹಾಕಿಸಿಕೊಂಡು, "ಇದರಾಗೆ ಬೋರನ ಮನೇದು ಯಾವ್ದ್ಲಾ, ತೋರ್ಸು ನೋಡಾನ," ಎಂದು ಮಗನನ್ನು ಕೆಣಕಿದರು. ನಂಜೇಗೌಡನೂ ನಕ್ಕುಬಿಟ್ಟ.

ಭಾನುವಾರ ವಾಪಸ್ಸು ಬರುವ ಬಸ್ಸಿನಲ್ಲಿ ಶಶಿ, "ಮಾವ, ಒಂದು ಅಧ್ಯಾಯ ಹರಿದು ಹಾಕ್ಬೇಕು," ಎಂದಳು. "ಪಡಿ ನಿಂತೋಯ್ತು ಅಂತ ಬರೆದಿದ್ದೆ. ಯಾಕೆ ನಿಂತಿತು, ಯಾರು ಎತ್ತಿಕೊಂಡ್ರು ಅಂತ ಕೇಳಿರಲೇ ಇಲ್ಲ."

"ಮೇಷ್ಟ್ರು ಒಪ್ತಾರೇನವ್ವ?"

"ಒಪ್ಪಿಸ್ತೀನಿ."

ಒಪ್ಪಿಸಿದಳು. ಆ ಪ್ರಬಂಧದ ಒಂದು ಪ್ರತಿ ಇಂದಿಗೂ ನಮ್ಮನೆ ದೇವರ ಗೂಡಿನ ಪಕ್ಕದಲ್ಲಿದೆ, ಬಂದವರಿಗೆಲ್ಲ ತೋರಿಸುತ್ತೇನೆ.

ಮರುವರ್ಷ ಶ್ರಾವಣದ ಮೊದಲ ಶನಿವಾರ ನಂಜೇಗೌಡ ಹಾಲು ಕರೆದು ಬರುವಾಗ ಬಾಗಿಲಲ್ಲಿ "ಗೋವಿಂದ" ಎಂಬ ದನಿ ಕೇಳಿತಂತೆ. ಬೋರೇಗೌಡರ ಮಗಳು ಚೊಂಬು ಹಿಡಿದು ನಿಂತಿದ್ದಳು. ಅವನು ಹಾಲಿನ ಕ್ಯಾನು ಕೆಳಗಿಟ್ಟು, ಕೈ ತೊಳೆದು, ತಾನೇ ಮೊರ ತಂದು ಅಕ್ಕಿ ಸುರಿದ.