ಮುಗಿಸಬಾರದ ಸೀರೆ

ಚಳ್ಳಕೆರೆಯ ಒಂದು ಸೀರೆ ಅಂಗಡಿಯ ಆನ್‌ಲೈನ್ ಪ್ರಚಾರವೆಲ್ಲ ನನ್ನ ತಲೆಯ ಮೇಲಿದೆ. ಒಂದು ಕಡೆ ಪೇಜು, ಇನ್ನೊಂದು ಕಡೆ ರೀಲ್ಸು, ಮತ್ತೊಂದು ಕಡೆ ಚಾನೆಲ್ಲು, ಸಾಲದ್ದಕ್ಕೆ ದಿನಾ ಸ್ಟೇಟಸ್ಸು. ಒಂದೇ ವಿಡಿಯೋವನ್ನು ಅಡ್ಡ ಕತ್ತರಿಸಿ, ಉದ್ದ ಕತ್ತರಿಸಿ, ಹಾಡು ಬದಲಿಸಿ ಎಲ್ಲ ಕಡೆ ಬಡಿಸಬೇಕು. ಪೇಜಿನಲ್ಲಿ ನನ್ನವ್ವನ ವಯಸ್ಸಿನವರು ಕೈಮುಗಿಯುವ ಚಿತ್ರ ಹಾಕಿ ಹೋಗುತ್ತಾರೆ. ರೀಲ್ಸಿನ ಹುಡುಗಿಯರಿಗೆ ಬೆಲೆ ಕೇಳುವುದೊಂದೇ ಗೊತ್ತು. ದಪ್ಪಕ್ಷರದಲ್ಲಿ ಬರೆದಿದ್ದರೂ ಕೇಳುತ್ತಾರೆ. ನನ್ನ ಒಂದು ಕೈಯಲ್ಲಿ ಊಟ, ಇನ್ನೊಂದರಲ್ಲಿ ಅವರಿಗೆ ಉತ್ತರ.

ಈ ಕೆಲಸಕ್ಕೆ ನಾನು ಒಪ್ಪಿಕೊಂಡದ್ದು ಮಾವನಿಗಾಗಿ. ನನ್ನವ್ವನ ತಮ್ಮ ಅವನು, ಮೊಳಕಾಲ್ಮುರಿನಲ್ಲಿ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ನೇಯಲು ಕೊಡುವವರು ಕಡಿಮೆಯಾಗಿ ಅವನ ಬೀದಿಯ ಮಗ್ಗಗಳೆಲ್ಲ ಸೌದೆಯಾಗುತ್ತಿದ್ದವು. ಇವನದಾದರೂ ಉಳಿಯಲಿ ಎಂಬ ಆಸೆ ನನಗೆ. ಅವನು ನೇಯುವುದನ್ನು ಜನ ನೋಡಿದರೆ ಸೀರೆ ಕೇಳಿಕೊಂಡು ಬರುತ್ತಾರೆ ಎಂದು ಅಂಗಡಿ ಮಾಲೀಕರನ್ನು ಒಪ್ಪಿಸಿದೆ. ಅವರು ಮಗ್ಗಕ್ಕೆ ಒಂದು ಹಾಸು, ಅಂದರೆ ನಾಲ್ಕಾರು ಸೀರೆಗಾಗುವಷ್ಟು ಉದ್ದೆಳೆಯ ರೇಷ್ಮೆ, ಕೊಡಿಸಿದರು.

ಮೊದಲ ವಿಡಿಯೋದಲ್ಲಿ ಮಾವ ಕ್ಯಾಮೆರಾ ನೋಡಿ ನಾಚಿಕೊಂಡಿದ್ದ. ಆಮೇಲೆ ಕೈ ತನ್ನ ಪಾಡಿಗೆ ತಾನು ಓಡಿತು, ಲಾಳಿ ಅತ್ತಿತ್ತ ಹಾರಿತು, ಅಂಚಿನ ಜರಿ ಮಿಂಚಿತು. ವಿಡಿಯೋ ಎಂಥಾ ಓಟ ಓಡಿತು ಅಂತೀರಿ! ಅವನ ಕೈಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಹೊಗಳಿದರು. ಬಳ್ಳಾರಿ, ಅನಂತಪುರದಿಂದೆಲ್ಲ ಆರ್ಡರ್ ಬಂತು. ನಾನು ಮನೆಯಲ್ಲಿ ಕುಣಿದಾಡಿಬಿಟ್ಟೆ.

ಅಂಗಡಿಯಲ್ಲಿ ಪ್ಯಾಕಿಂಗ್ ನೋಡಿದಾಗ ನನ್ನ ಹುರುಪೆಲ್ಲ ಇಳಿಯಿತು. ಡಬ್ಬಿಗಳಿಗೆ ಹೋಗುತ್ತಿದ್ದದ್ದು ಹೊರಗಿನಿಂದ ತರಿಸಿದ ಯಂತ್ರದ ಮಗ್ಗದ ಸೀರೆ. ಮಾವ ನೇಯ್ದು ಕೊಟ್ಟವನ್ನು ಗಾಜಿನೊಳಗಿನ ಬೊಂಬೆಗಳಿಗೆ ಉಡಿಸಿ ನಿಲ್ಲಿಸಿದ್ದರು. ಇದೇನು ಎಂದು ಕೇಳಿದರೆ ಮಾಲೀಕರು ನಕ್ಕರು.

"ನೋಡಮ್ಮ, ಜನಕ್ಕೆ ನೋಡಾಕೆ ಕೈಮಗ್ಗ ಬೇಕು, ಉಡಾಕೆ ಕಮ್ಮಿ ರೇಟಿಂದು ಬೇಕು. ನಾವೇನು ಸುಳ್ಳು ಹೇಳೀವಾ?"

ಬಾಯಿಬಿಟ್ಟು ಹೇಳಿರಲಿಲ್ಲ, ನಿಜ. ಹೇಳುವ ಕೆಲಸವನ್ನು ನನ್ನ ವಿಡಿಯೋಗಳೇ ಮಾಡುತ್ತಿದ್ದವು. ಹಾಳಾಗಿ ಹೋಗಲಿ ಎಂದು ಬಿಟ್ಟು ಬರೋಣವೆಂದರೆ ಮಾವನಿಗೆ ಬರುತ್ತಿದ್ದ ಅಷ್ಟಿಷ್ಟು ಕೂಲಿಯೂ ನಿಲ್ಲುತ್ತಿತ್ತು. ಅವನೋ, ನಾನು ಹೋದಾಗಲೆಲ್ಲ ಕೇಳುವುದು ಒಂದೇ: "ನಮ್ಮ ಸೀರೆ ಯಾರಾದ್ರೂ ಕೇಳಿದ್ರೇನಮ್ಮ?" ಕೇಳುತ್ತಾರೆ ಮಾವ, ಕೇಳುತ್ತಾರೆ ಎಂದು ತೇಲಿಸುತ್ತಿದ್ದೆ.

ಹಾಸು ಮುಗಿಯುತ್ತಾ ಬಂತು. ಮಗ್ಗದ ಮೇಲೆ ಕೊನೆಯ ಸೀರೆ, ಅದರಲ್ಲೂ ಸೆರಗಿನ ತುದಿಯಷ್ಟೇ ಬಾಕಿ. ಹೊಸ ಹಾಸು ಹೂಡಲು ರೇಷ್ಮೆ ಕೊಡಿ ಎಂದು ಮಾಲೀಕರನ್ನು ಕೇಳಿದೆ.

"ಹೊಸದ್ಯಾಕೆ? ಆ ಸೀರೆ ಮುಗಿಸಬ್ಯಾಡ ಅನ್ನು ನಿಮ್ಮ ಮಾವಂಗೆ. ಹಂಗೇ ಮಗ್ಗದ ಮ್ಯಾಲೆ ಇರ್ಲಿ. ವಿಡಿಯೋ ಇದ್ದ ದಿನ ಕೂತ್ರೆ ಸಾಕು, ಅವತ್ತಿನ ಕೂಲಿ ಕೊಡ್ತೀನಿ."

ನೇಯುವವನಿಗೆ ಸೀರೆ ಮುಗಿಸಬೇಡ ಎಂದು ಯಾವ ಬಾಯಲ್ಲಿ ಹೇಳಲಿ? ಮೊಳಕಾಲ್ಮುರಿನ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ಸರಿಹೋಗಲಿಲ್ಲ. ಕೊನೆಗೆ ಮಾವನ ಮುಂದೆ ಮಾಲೀಕರ ಮಾತನ್ನೇ ಒಪ್ಪಿಸಿದೆ. ಅವನ ಪಕ್ಕ ಕೂತಿದ್ದ ಅತ್ತೆ ಎದ್ದು ಒಳಗೆ ಹೋದಳು. ಮಾವ ಕೈಯಲ್ಲಿದ್ದ ಲಾಳಿಯನ್ನು ಪಕ್ಕಕ್ಕಿಟ್ಟು, "ಆಗ್ಲಿ ಬಿಡಮ್ಮ" ಎಂದ.

ಮೊನ್ನೆ ಮತ್ತೆ ಹೋಗಿದ್ದೆ. ಮಾವ ಒಂದು ಗೇಣು ನೇಯ್ದ, ನಾನು ಶೂಟ್ ಮಾಡಿಕೊಂಡೆ. ಅಡುಗೆಮನೆಯಲ್ಲಿ ಅತ್ತೆ ಕೊಟ್ಟ ಚಹಾ ಕುಡಿದು, ಹೊರಡೋಣವೆಂದು ಬಂದರೆ ಮಾವ ಇನ್ನೂ ಮಗ್ಗದಲ್ಲೇ ಇದ್ದ. ಮುಖ ಬಟ್ಟೆಯ ಹತ್ತಿರ ತಂದು, ಈಗಷ್ಟೇ ನೇಯ್ದ ಎಳೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯುತ್ತಿದ್ದ.

"ಏನ್ ಮಾಡ್ತಿದೀಯ ಮಾವ?"

"ಇನ್ನೊಂದೀಟು ನೇಯ್ದರೆ ಸೀರೆ ಮುಗ್ದೋಗ್ತೈತಮ್ಮ," ತಲೆಯೆತ್ತದೆ ಹೇಳಿದ. "ಬರೋ ವಾರ ನೀನು ಬಂದಾಗ ನೇಯಾಕೆ ಜಾಗ ಬೇಕಲ್ಲ."

ನನಗೆ ತಡೆಯಲಾಗಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ಮಾವ ಎಳೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.