ಒಣಪ್ಪನ ಒದ್ದೆ ಟವೆಲ್ಲು

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಒಣಪ್ಪ ಎಂದೇ. ಅವನು ಸಿಲಿಂಡರಿಗೆ ತುಂಬುತ್ತಿದ್ದುದು ಲ್ಯಾಂಥನಮ್ ಎಂಬ ಲೋಹಕ್ಕೆ ನಿಕ್ಕಲ್ ಬೆರೆಸಿದ ಕಪ್ಪು ಪುಡಿ. ಅದು ಹೈಡ್ರೋಜನ್ನನ್ನು ಗಟಗಟ ಹೀರಿ ಹೈಡ್ರೈಡ್ ಆಗುತ್ತದೆ, ಬೇಕೆಂದಾಗ ಮರಳಿ ಕೊಡುತ್ತದೆ. ಆದರೆ ಕೋಪ ಮಾತ್ರ ಮೂಗಿನ ತುದಿಯಲ್ಲೇ! ಗಾಳಿ ಸೋಕಿದರೆ ಸಾಕು, ಹೊತ್ತಿಕೊಂಡೀತು. ಅದಕ್ಕೇ ಏನನ್ನೂ ಉರಿಸದ ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೇ ಜೋಡಿಸಿದ ರಬ್ಬರ್ ಕೈಗವಸು, ಪಕ್ಕದಲ್ಲಿ ಒಣಮರಳಿನ ಬಕೆಟ್ಟು. ನೀರು? ಬಿದ್ದರೆ ಆ ಬೆಂಕಿ ಇನ್ನೂ ಭುಗಿಲೆನ್ನುತ್ತದೆ. ದೇವರೇ ಬಂದು ಕೇಳಿದರೂ ಒಣಪ್ಪ ಆ ಕೋಣೆಗೆ ಒಂದು ಹನಿ ಬಿಡುವವನಲ್ಲ.

ಅವನ ಹೆಂಡತಿಯ ಕಾಲು ಸೋತು ವರ್ಷಗಳಾಗಿದ್ದವು. ದಿಬ್ಬದ ಮೇಲಿದ್ದ ತಂಗಿಯ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು. "ಇಬ್ಬರು ಏದುಸಿರು ಬಿಡ್ತಾ ಗಾಲಿಕುರ್ಚಿ ತಳ್ಳಬೇಕು. ನಾನೇನು ಮೂಟೇನಾ?" ಎನ್ನುವಳು.

ಕಾರ್ಖಾನೆಯವರು ಗಾಲಿಕುರ್ಚಿಯೊಂದಕ್ಕೆ ಹೈಡ್ರೈಡ್ ಸಿಲಿಂಡರನ್ನೂ, ಹೈಡ್ರೋಜನ್ನಿನಿಂದ ಕರೆಂಟು ಮಾಡುವ ಪುಟ್ಟ ಯಂತ್ರವನ್ನೂ ಕೂಡಿಸಿ, ಓಡಿಸಿ ನೋಡಲು ಒಣಪ್ಪನಿಗೆ ಕೊಟ್ಟಾಗ ಅವಳ ಮುಖ ನೋಡಬೇಕಿತ್ತು! ಮಾರನೆಯ ಬೆಳಿಗ್ಗೆಯೇ ಹೊರಟಳು. ಹಿಂದೆಯೇ ಒಣಪ್ಪ.

ಅರ್ಧ ದಿಬ್ಬ ಏರುವಷ್ಟರಲ್ಲಿ ಕುರ್ಚಿ ನಿಂತುಬಿಟ್ಟಿತು. ಒಣಪ್ಪ ಸಿಲಿಂಡರ್ ಮುಟ್ಟಿದ. ಕೊರೆಯುತ್ತಿತ್ತು.

"ಹೈಡ್ರೋಜನ್ ಬಿಟ್ಟು ಬಿಟ್ಟು ತಣ್ಣಗಾಗಿದೆ ಕಣೆ. ಬಿಸಿ ಸಿಗೋವರೆಗೂ ಇನ್ನು ಕೊಡಲ್ಲ. ಇನ್ನರ್ಧ ದೂರ ತಾನೇ, ತಳ್ಳಲಾ?"

"ತಳ್ಳಿದ್ರೆ ನೋಡಿ! ವಾಪಸ್ ಹೋಗೋಣ." ಅವಳು ಗಾಲಿಗೆ ಕೈ ಹಾಕಿದಳು. ಆಮೇಲೆ ರಸ್ತೆಯಾಚೆಯ ಚಹಾದಂಗಡಿಯತ್ತ ನೋಡಿದಳು. "ಬಿಸಿ ತಾನೇ ಬೇಕು? ಅಲ್ಲಿ ಒಂದು ಚೊಂಬು ಬಿಸಿನೀರು ಇಸ್ಕೊಂಡು ಬನ್ನಿ."

"ನೀರಾ!" ಒಣಪ್ಪ ಹಾವು ತುಳಿದವನಂತೆ ಹಾರಿದ. "ಹೈಡ್ರೈಡಿಗೆ ನೀರಾ? ತಲೆ ನೆಟ್ಟಗಿದೆಯಾ ನಿಂಗೆ?"

"ಪುಡಿಗೆ ಸುರೀರಿ ಅಂದ್ನಾ? ಪುಡಿ ಒಳಗಿದೆ, ನೀರು ಹೊರಗೆ. ಮಳೆ ಬಂದ್ರೆ ಇದಕ್ಕೂ ಕೊಡೆ ಹಿಡೀತೀರಾ?"

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಒಣಪ್ಪನ ಕಲಿತ ಗುಣ ಅದಕ್ಕಿಂತ ಗಟ್ಟಿ. ಸಿಲಿಂಡರಿನ ಬಾಯಿ ಬಿಗಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡಿದ. ಅಂಗಡಿಯಿಂದ ತಂದ ಬಿಸಿನೀರಲ್ಲಿ ಹೆಗಲ ಮೇಲಿನ ಟವೆಲ್ಲು ಅದ್ದಿ ಹಿಂಡಿ, ಕಣ್ಣು ಮುಚ್ಚಿಕೊಂಡು ಸಿಲಿಂಡರಿಗೆ ಸುತ್ತಿದ. ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಕುರ್ಚಿ ಗುಂಯ್ ಎಂದಿತು. ಒಣಪ್ಪ ರಸ್ತೆ ನಡುವೆಯೇ ಚಪ್ಪಾಳೆ ತಟ್ಟಿ ನಕ್ಕ.

ದಿಬ್ಬದ ಮೇಲೆ ತಂಗಿ ಬಾಗಿಲು ತೆರೆದು, "ಅಯ್ಯೋ ಅಕ್ಕಾ!" ಎಂದು ಓಡಿಬಂದವಳೇ ಅಭ್ಯಾಸಬಲದಿಂದ ಕುರ್ಚಿಯ ಹಿಂದೆ ಹೋಗಿ ಹಿಡಿಕೆಗೆ ಕೈ ಹಾಕಿದಳು.

"ಕೈ ತೆಗಿಯೇ! ಯಾರೂ ತಳ್ಳಬೇಕಿಲ್ಲ, ನಾನೇ ಬರ್ತಿದೀನಿ," ಎಂದಳು ಅಕ್ಕ.