ಅತ್ತೆಯ ಬಲಗಾಲಿನ ಹೆಬ್ಬೆರಳು

ಅತ್ತೆಯ ಬೆರಳ ತುದಿಗಳು ಬೇಯಿಸಿದ ಕಡಲೆಕಾಯಿ ಸಿಪ್ಪೆಯ ಹಾಗೆ ಸದಾ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ಶಿಡ್ಲಘಟ್ಟದ ತನ್ನ ರೀಲಿಂಗ್ ಮನೆಯಲ್ಲಿ ದಿನವಿಡೀ ಬಿಸಿನೀರಿನ ಬೇಸಿನ್ನಿಗೆ ಕೈ ಅದ್ದಿ, ಬೆಂದ ರೇಷ್ಮೆಗೂಡಿನಿಂದ ಎಳೆ ಹುಡುಕಿ ತೆಗೆಯುತ್ತಿದ್ದ ಕೈ ಅದು. ಕೂದಲಿಗಿಂತ ತೆಳುವಾದ ಎಳೆ ತುಂಡಾದರೂ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಗುತ್ತಿತ್ತು.

ಆಕೆ ನನ್ನ ತಂದೆಯ ಅಕ್ಕ. ಗಂಡ ತೀರಿಕೊಂಡ ಮೇಲೆ ಮೂವರು ಕೆಲಸದ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ನಾಲ್ಕು ಬೇಸಿನ್ನುಗಳನ್ನು ಒಬ್ಬಳೇ ನಡೆಸಿದಳು, ಅದರಲ್ಲೇ ನನ್ನನ್ನೂ ಓದಿಸಿದಳು. ಗೂಡಿನ ಮಾರ್ಕೆಟ್ಟಿನಲ್ಲಿ ಗಂಡಸರ ನಡುವೆ ಸೆರಗು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದಳು. ಮೇಲೆ ಹರಡಿದ ಬೆಳ್ಳನೆಯ ಗೂಡು ನೋಡಿ ಮರುಳಾಗುವ ಜಾತಿಯಲ್ಲ. ಮೊಣಕೈವರೆಗೂ ಲಾಟಿನ ರಾಶಿಯೊಳಗೆ ಕೈ ಇಳಿಸಿ, ಅಡಿಯ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು. "ಮೇಲಿಂದು ನೋಡಿ ತಗೊಳ್ಳೋನು ಗಿರಾಕಿ ಕಣೇ, ಅಡೀಲಿರೋದು ನೋಡೋನು ರೀಲರು" ಅನ್ನುತ್ತಿದ್ದಳು.

ಇಷ್ಟು ಬುದ್ಧಿವಂತೆ ಒಂದು ವಿಷಯದಲ್ಲಿ ಮಾತ್ರ ಮೋಸ ಹೋದಳು. ನೂಲು ತೆಗೆಯುವವರಿಗೆ ಕೈ ಬಿಸಿಗೆ ಒಗ್ಗುವುದೇ ದೊಡ್ಡ ಹೆಮ್ಮೆ. ಹೊಸಬರು "ಉಸ್ಸ್" ಎಂದು ಕೈ ಹಿಂದೆಗೆದರೆ ಹಳಬರು ನಗುತ್ತಾರೆ. ಹಾಗಾಗಿ ಎಷ್ಟೋ ವರ್ಷದ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಾಗ ಅತ್ತೆ ಅದನ್ನು ಬಿರುದು ಎಂದುಕೊಂಡಳು. "ನೋಡೇ, ನನ್ನ ಕಾಲಿಗೂ ಬಿಸಿ ಹತ್ತಲ್ಲ ಈಗ!" ಎಂದು ಬೀಗುತ್ತಿದ್ದಳು. ನಾನೂ ನಕ್ಕಿದ್ದೆ. ನೆನೆಸಿಕೊಂಡರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಒಂದು ಭಾನುವಾರ ಚಿಕ್ಕಬಳ್ಳಾಪುರದಿಂದ ನೋಡಲು ಹೋದಾಗ ಅವಳ ಪಕ್ಕದಲ್ಲಿ ಕೂತೆ. ಏನೋ ವಾಸನೆ. ಸತ್ತ ಹುಳದ ವಾಸನೆ ಆ ಮನೆಗೆ ಹೊಸದಲ್ಲ, ಇದು ಬೇರೆ. ಸೀರೆ ಸರಿಸಿ ನೋಡಿದರೆ ಬಲಗಾಲಿನ ಹೆಬ್ಬೆರಳು ಕಪ್ಪುಗೆಂಪಾಗಿ ಊದಿಕೊಂಡು ಕೀವು ಒಸರುತ್ತಿತ್ತು.

"ಹೋದ ವಾರ ಬಿಸಿನೀರು ಚೆಲ್ತು ಕಣಮ್ಮ. ನೋವೇನಿಲ್ಲ ಬಿಡು" ಅಂದಳು.

ನೋವಿಲ್ಲ ಎನ್ನುವುದೇ ಕಾಯಿಲೆ ಎಂದು ನನಗಾಗಲೀ ಅವಳಿಗಾಗಲೀ ಹೊಳೆಯಲಿಲ್ಲ.

ಮಾರನೆಯ ದಿನ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಡಾಕ್ಟರು ಮಂಚದ ಕಾಲ್ದೆಸೆಯಲ್ಲಿ ನಿಂತೇ ನೋಡಿ, ಬೆರಳು ತೆಗೆಯಬೇಕು ಅಂದರು. ಎಲ್ಲ ಸೇರಿ ಇಷ್ಟು ಎಂದು ಪ್ಯಾಕೇಜಿನ ಚೀಟಿ ಬಂತು. ಹೆದರಿ ಹಣ್ಣಾಗಿದ್ದ ನಾನು ಸಹಿಗೆ ಪೆನ್ನು ಹಿಡಿದಿದ್ದೆ.

ಅತ್ತೆ ಕೇಳಿದಳು: "ಸ್ವಾಮಿ, ಇನ್ನೊಂದು ಕಾಲು ನೋಡಲ್ವಾ?"

"ಅದಕ್ಕೇನಾಗಿದೆ?"

"ಅದನ್ನೇ ಕೇಳ್ತಿರೋದು."

ಅವರು ಗಡಿಯಾರ ನೋಡಿದರು. ಅತ್ತೆ ಮಂಚದಿಂದ ಇಳಿದಳು. "ನಡಿಯಮ್ಮ. ಈ ಲಾಟು ಬೇಡ."

ದಾರಿಯುದ್ದಕ್ಕೂ ಕೂಗಾಡಿದೆ. ನಂಜು ಏರಿದರೆ ಜೀವವೇ ಹೋಗುತ್ತದೆ, ಇದೇನು ಗೂಡಿನ ವ್ಯಾಪಾರವೇ ಎಂದೆ. "ನಾಳೆ ಸಂಜೆವರ್ಗೂ ಟೈಮ್ ಕೊಡು. ಸರಿಯಾದೋರು ಸಿಗ್ಲಿಲ್ಲಾಂದ್ರೆ ನಾನೇ ಬಂದು ಹೆಬ್ಬೆಟ್ಟು ಒತ್ತಿ, ಬೆರಳು ಕೊಟ್ಟು ಬರ್ತೀನಿ" ಅಂದಳು. ಆ ಹೆಣ್ಣಿಗೆ ಎದುರು ಮಾತಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಮರುದಿನ ಬೆಳಿಗ್ಗೆ, ಬೋರ್ಡಿನ ತುಂಬ ಪಾದದ ಚಿತ್ರ ಹಾಕಿಕೊಂಡಿದ್ದ ಒಂದು ಕ್ಲಿನಿಕ್ಕಿಗೆ ಹೋದೆವು. ಅಲ್ಲಿದ್ದಾತ ನೀಲಿ ಬೆಳಕಿನ ಮಿಷನ್ ತೋರಿಸಿ, ಅದು ಯಾವ ದೇಶದ್ದೆಂದು ವರ್ಣಿಸಿದ. ಇಂಥ ಎಷ್ಟು ಕಾಲು ವಾಸಿ ಮಾಡಿದ್ದೀರಿ ಎಂದು ಅತ್ತೆ ಕೇಳಿದ್ದಕ್ಕೆ ಮತ್ತೆ ಮಿಷನ್ನಿನ ಕಡೆಗೇ ಕೈ ತೋರಿಸಿದ. ಹೊರಗೆ ಬಂದವಳೇ, "ಚರಕ ತೋರಿಸ್ತಾನೆ, ನೂಲು ತೋರಿಸ್ತಿಲ್ಲ" ಅಂದಳು.

ನನ್ನ ಆಫೀಸಿನ ಗೆಳತಿಯೊಬ್ಬಳು ಚಿಕ್ಕಬಳ್ಳಾಪುರಕ್ಕೆ ವಾರಕ್ಕೆರಡು ದಿನ ಬರುವ ಪೊಡಿಯಾಟ್ರಿಸ್ಟ್ ಬಗ್ಗೆ ಹೇಳಿದಳು. ಪಾದದ ಡಾಕ್ಟರು ಅಂತಲೇ ಒಬ್ಬರಿರುತ್ತಾರೆ ಎಂದು ನನಗೆ ಗೊತ್ತಾದದ್ದೇ ಆವತ್ತು. ಮಧ್ಯಾಹ್ನ ಹೋದೆವು. ಸಣ್ಣ ಕೋಣೆ, ಡಾಕ್ಟರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕುಳ್ಳ ಸ್ಟೂಲಿನ ಮೇಲೆ ಕೂತು, ಅತ್ತೆಯ ಎರಡೂ ಪಾದಗಳನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಬೆರಳ ಸಂದಿ ಸಂದಿ ನೋಡಿ, ನಾಡಿ ಒತ್ತಿ ನೋಡಿ, ಕೊನೆಗೆ ಬಾಗಿಲ ಬಳಿ ಬಿಟ್ಟಿದ್ದ ಅತ್ತೆಯ ಚಪ್ಪಲಿ ತರಿಸಿ ಅದರೊಳಗೆ ತುದಿಯವರೆಗೂ ಕೈ ತೂರಿಸಿದರು. ಒಳಗೆ ಮೊಳೆಯ ತಲೆ ಎದ್ದಿತ್ತು.

ಅತ್ತೆ ನನ್ನ ತೋಳು ಜಿಗುಟಿದಳು. "ಅಡೀವರ್ಗೂ ಕೈ ಹಾಕ್ತಾಳೆ ಕಣೇ!"

ಆಮೇಲೆ ಡಾಕ್ಟರು ಹಿಡಿಕೆಗೆ ಸಿಕ್ಕಿಸಿದ ಒಂದು ನೈಲಾನ್ ಎಳೆ ತೆಗೆದರು. "ಕಣ್ಣು ಮುಚ್ಕೊಳ್ಳಿ ಅಮ್ಮ. ಎಳೆ ಮುಟ್ಟಿದಾಗೆಲ್ಲ ಹೂಂ ಅನ್ನಿ." ಎಳೆ ಅಂದೊಡನೆ ಅತ್ತೆಯ ಮುಖ ಅರಳಿತು. ಈ ಪರೀಕ್ಷೆಯಲ್ಲಿ ಅವಳನ್ನು ಸೋಲಿಸುವವರಾರು! ಕಣ್ಣು ಮುಚ್ಚಿ ಕೂತಳು. ಹಿಮ್ಮಡಿ, ಅಂಗಾಲು, ಹೆಬ್ಬೆರಳು, ಕಿರುಬೆರಳು, ಎಲ್ಲ ಕಡೆ ಎಳೆ ಬಾಗುವಂತೆ ಒತ್ತಿ ಒತ್ತಿ ತೆಗೆದರು. ಹೂಂ ಇಲ್ಲ, ಊಹೂಂ ಇಲ್ಲ.

"ಶುರು ಮಾಡಮ್ಮ ಮತ್ತೆ" ಅಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ.

"ಮುಗೀತು ಅಮ್ಮ" ಅಂದರು ಡಾಕ್ಟರು.

ಗಂಡ ಸತ್ತಾಗಲೂ ನಾಲ್ಕು ಜನರ ಎದುರು ಅಳದವಳು ಅಲ್ಲಿ ಅತ್ತಳು. ಡಾಕ್ಟರು ಅವಳ ಪಾದ ಕೆಳಗಿಳಿಸದೆ ಹಾಗೇ ಕೂತಿದ್ದರು.

ರಕ್ತದ ಓಡಾಟ ಚೆನ್ನಾಗಿದೆ, ಬೆರಳು ಉಳಿಸಲು ನೋಡಬಹುದು ಅಂದರು. ಆದರೆ ಮಾತು ಕೊಡಲಿಲ್ಲ. "ಎಕ್ಸ್-ರೇ ತೆಗೆಸೋಣ, ಎರಡು ವಾರ ನೋಡೋಣ. ನಂಜು ಮೂಳೆಗೆ ಇಳಿದಿದ್ರೆ ಬೆರಳು ತೆಗೆಸೋಕೆ ನಾನೇ ಕಳಿಸ್ತೀನಿ." ಖರ್ಚನ್ನೂ ಬಿಡಿಸಿ ಬರೆದರು: ಪ್ರತಿ ಸಲದ ಡ್ರೆಸಿಂಗು, ಔಷಧಿ, ಗಾಯದ ಮೇಲೆ ಭಾರ ಬೀಳದಂತೆ ತಡೆಯುವ ಬೂಟು, ವಾಸಿಯಾದ ಮೇಲೆ ಅಳತೆ ಕೊಟ್ಟು ಮಾಡಿಸುವ ಮೆತ್ತನೆಯ ಚಪ್ಪಲಿ, ಮೂರು ತಿಂಗಳಿಗೊಮ್ಮೆ ತಪಾಸಣೆ. ಕೂಡಿಸಿ ನೋಡಿದೆ. ಪ್ಯಾಕೇಜಿಗಿಂತ ಜಾಸ್ತಿಯೇ ಆಗುತ್ತಿತ್ತು. ಅದನ್ನು ಅತ್ತೆಯ ಕಿವಿಯಲ್ಲಿ ಉಸುರಿದೆ.

"ನೀನು ಗೂಡಿನ ರೇಟ್ ಹೇಳ್ತಿದೀಯ, ನೂಲಿನ ರೇಟ್ ಹೇಳು" ಅಂದಳು, ಕಣ್ಣೊರೆಸಿಕೊಂಡು. "ಅಗ್ಗದ ಗೂಡು ತಂದು ನೂಲೇ ಬರ್ದೆ ಮುಳುಗ್ದೋರು ಎಷ್ಟು ಜನ ಗೊತ್ತಾ? ಹೆಬ್ಬೆರಳು ಹೋದ್ರೆ ಭಾರ ಎಲ್ಲ ಪಕ್ಕದ ಬೆರಳಿಗೆ, ಆಮೇಲೆ ಇನ್ನೊಂದು ಕಾಲಿಗೆ. ನಾನು ಮಾರ್ಕೆಟ್ಟಲ್ಲಿ ನಿಂತ್ಕೊಳ್ಳಂಗಿಲ್ಲ, ಬೇಸಿನ್ ಮುಚ್ಬೇಕು, ಮೂರು ಹೆಣ್ಮಕ್ಕಳ ಕೆಲ್ಸ ಹೋಗುತ್ತೆ. ಅದನ್ನೆಲ್ಲ ಸೇರಿಸಿ ಕೂಡು, ನೋಡಣ."

ಕೂಡುವುದೇನು ಬಂತು, ಎಕ್ಸ್-ರೇಗೆ ಚೀಟಿ ಬರೆಸಿಕೊಂಡೆ.

ಎಕ್ಸ್-ರೇಯಲ್ಲಿ ಮೂಳೆ ಕೆಟ್ಟಿರಲಿಲ್ಲ, ಆದರೂ ಆ ಎರಡು ವಾರ ನಾನು ಹರಕೆ ಹೊರದ ದೇವರಿಲ್ಲ. ಹದಿನೈದನೆಯ ದಿನ ಪಟ್ಟಿ ಬಿಚ್ಚಿದಾಗ ಗಾಯದ ತಳದಲ್ಲಿ ಕೆಂಪಾದ ಹೊಸ ಮಾಂಸ ಕಂಡಿತು. ಮೂರು ತಿಂಗಳಿಗೆ ಮುಚ್ಚಿಕೊಂಡಿತು.

ಜಗಳ ಮುಗಿಯಲಿಲ್ಲ ಅನ್ನಿ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ ಅಂದರು ಡಾಕ್ಟರು. ರೀಲಿಂಗ್ ಮನೆಯಲ್ಲಿ ಬೇಸಿನ್ನೆಂದರೆ ಲಕ್ಷ್ಮಿ. ಹೊಸ್ತಿಲಾಚೆಯೇ ಚಪ್ಪಲಿ ಬಿಡುವುದು ಪದ್ಧತಿ. "ಬೇಕಾದ್ರೆ ಬೆರಳು ಕೊಡ್ತೀನಿ, ತಾಯಿ ಮುಂದೆ ಚಪ್ಪಲಿ ಹಾಕಲ್ಲ" ಎಂದು ಹಟ ಹಿಡಿದಳು. ಅಷ್ಟೆಲ್ಲ ಪಾಡುಪಟ್ಟ ಬೆರಳು! ನಾನು ತಲೆ ಚಚ್ಚಿಕೊಂಡೆ. ಮಾತು ಬಿಟ್ಟೆ.

ಶುಕ್ರವಾರ ಅವಳೇ ಹೇಳಿ ಕಳಿಸಿದಳು. ಹೋಗಿ ನೋಡಿದರೆ ಇನ್ನೊಂದು ಜೊತೆ ಹೊಸ ಚಪ್ಪಲಿ ಮಾಡಿಸಿ, ಬೀದಿಯ ಮಣ್ಣು ತಾಗಿಸದೆ, ಅರಿಶಿನ ಕುಂಕುಮ ಹಚ್ಚಿ ಬೇಸಿನ್ನಿನ ಮುಂದಿಟ್ಟಿದ್ದಳು. ಊದುಬತ್ತಿ ಬೇರೆ. "ತಾಯಿ, ಇದು ಚಪ್ಪಲಿ ಅಲ್ಲ, ನನ್ನ ಕಾಲಿನ ಇನ್ನೊಂದು ಚರ್ಮ. ಕೋಪ ಮಾಡ್ಕೋಬೇಡ" ಎಂದು ಕೈಮುಗಿದು, ಅದನ್ನು ಮೆಟ್ಟಿ ಒಳಗೆ ನಡೆದಳು. ಕೆಲಸದ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು. ಮುಂದಿನ ತಿಂಗಳು ಅವರ ಮೂವರ ಕಾಲಲ್ಲೂ ಅಂಥ ಒಳಗಿನ ಚಪ್ಪಲಿ ಇತ್ತು.

ಗೂಡಿನ ಮಾರ್ಕೆಟ್ಟಿಗೆ ಅವಳು ಮರಳಿದ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಹಳೆಯ ರೀಲರೊಬ್ಬರು "ಏಮಮ್ಮಾ, ಕಾಲು ತೆಗೆದ್ರು ಅಂದ್ರಲ್ಲಾ!" ಎಂದು ಬೆರಗಾದರು. ಅತ್ತೆ ಸೀರೆಯನ್ನು ಗೇಣುದ್ದ ಎತ್ತಿ ಪಾದ ಮುಂದೆ ಮಾಡಿ, "ಎಣಿಸ್ಕೊಳಪ್ಪ" ಅಂದಳು. ಸುತ್ತ ಇದ್ದವರೆಲ್ಲ ನಕ್ಕರು.

ಆಮೇಲೆ ಆರು ವರ್ಷ ಆ ಕಾಲ ಮೇಲೆ ನಿಂತೇ ವ್ಯಾಪಾರ ಮಾಡಿದಳು. ನನಗೂ ಸಕ್ಕರೆ ಕಾಯಿಲೆ ಬಂದಾಗ ದಿನಾ ಸಂಜೆ ಫೋನ್. ಊಟ ಆಯ್ತಾ ಎಂದು ಕೇಳುವ ಮೊದಲೇ, "ಕಾಲ್ ನೋಡ್ಕೊಂಡೇನೇ?" ಈಗ ಆ ಫೋನ್ ಬರುವುದಿಲ್ಲ. ಆದರೂ ಸಂಜೆಯಾದರೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ.

ಹೋದ ವರ್ಷ ಹೃದಯ ನಿಂತು ಒಂದೇ ಗಳಿಗೆಯಲ್ಲಿ ಹೋದಳು. ಸ್ನಾನ ಮಾಡಿಸಿ ಮಲಗಿಸಿದ ಮೇಲೆ, ಎರಡು ಹೆಬ್ಬೆರಳು ಸೇರಿಸಿ ಕಟ್ಟಲು ದಾರ ತನ್ನಿ ಎಂದು ಹಿರಿಯರೊಬ್ಬರು ಕೇಳಿದರು. ಕೆಲಸದ ಹೆಣ್ಣುಮಗಳೊಬ್ಬಳು ಎದ್ದು ಹೋಗಿ, ಹಿಂದಿನ ದಿನ ಅತ್ತೆ ತೆಗೆದಿದ್ದ ರೇಷ್ಮೆ ನೂಲನ್ನೇ ಚರಕದಿಂದ ಬಿಚ್ಚಿ ತಂದಳು. ನಾನೇ ಕಟ್ಟುತ್ತೇನೆ ಅಂದೆ. ಎಡಗಾಲಿನ ಹೆಬ್ಬೆರಳಿಗೆ ಒಂದು ಸುತ್ತು, ಬಲಗಾಲಿನ ಹೆಬ್ಬೆರಳಿಗೆ ಒಂದು ಸುತ್ತು. ಎರಡೂ ಇದ್ದವು.